ವೇರ್‌ವುಲ್ಫ್ ಆಡುವಾಗ ಬೆಳಗಿಗೂ ಸಮಯ ಇಡಿ

ಮೇಜಿನ ಸುತ್ತ ಕೂತು, ದಾಳ ಎಸೆಯುತ್ತಾ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಆಟಗಳಿವೆಯಲ್ಲ, ಅಲ್ಲಿ ವೇರ್‌ವುಲ್ಫ್ (ತೋಳವಾಗಿ ಬದಲಾಗುವ ಮನುಷ್ಯ) ಪಾತ್ರದ ಶೀಟ್, ಅಂದರೆ ಅದರ ಅಂಕಿಗಳ ಹಾಳೆ, ಕೈಗೆತ್ತಿಕೊಂಡು ಲೆಕ್ಕ ಹಾಕಿದರೆ ಭಯಕ್ಕೆ ಅದರಲ್ಲಿ ಜಾಗವೇ ಕಾಣುವುದಿಲ್ಲ. ವೈಟ್ ವುಲ್ಫ್ ಪ್ರಕಾಶನ 1992ರಲ್ಲಿ ಹೊರತಂದ 'ವೇರ್‌ವುಲ್ಫ್: ದಿ ಅಪೊಕ್ಯಾಲಿಪ್ಸ್' ಆಟದ ಹಳೆಯ ಆವೃತ್ತಿಗಳನ್ನೇ ನೋಡಿ. ಪಾತ್ರ ಕ್ರೈನೋಸ್ ರೂಪಕ್ಕೆ, ಅಂದರೆ ಎರಡು ಕಾಲಿನ ಮೇಲೆ ನಿಲ್ಲುವ ದೈತ್ಯ ತೋಳದ ರೂಪಕ್ಕೆ ತಿರುಗಿದ ಕೂಡಲೇ ಶಕ್ತಿಗೆ 4, ಚುರುಕಿಗೆ 1, ತಾಳಿಕೆಗೆ 3 ಸೇರುತ್ತದೆ. ಸಾಮಾನ್ಯ ಗಾಯವಾದರೆ ಪ್ರತಿ ಸರದಿಗೆ ಒಂದು ಹಂತ ತಾನಾಗಿ ಮಾಯುತ್ತದೆ. ರೇಜ್, ಅಂದರೆ ಕೋಪದ ಪಾಯಿಂಟ್ ಖರ್ಚು ಮಾಡಿದರೆ ಒಂದೇ ಸರದಿಯಲ್ಲಿ ಎರಡು ಮೂರು ಸಲ ಹೊಡೆಯಬಹುದು. ಎದುರಿಗಿರುವ ಮನುಷ್ಯನಿಗೋ ಏಳೇ ಹಂತದ ಆರೋಗ್ಯ, ಮಾಯುವ ಮಾತಂತೂ ಇಲ್ಲ. ಎರಡು ಮೂರು ಸರದಿಯಲ್ಲಿ ಕೋಣೆ ಖಾಲಿ.

ಹೀಗಿರುವಾಗ ಹೆದರಬೇಕಾದವರು ಯಾರು? ಗೋಥಿಕ್ ಹಾರರ್, ಅಂದರೆ ಮನಸ್ಸನ್ನು ಕಾಡುವ ಕತ್ತಲೆಯ ಭಯದ ಕಥೆ ಆಡಲು ಕೂತು, ಮೂರನೇ ಸೆಷನ್ ಹೊತ್ತಿಗೆ ಉಗುರು ಹಲ್ಲುಗಳ ಸೂಪರ್‌ಹೀರೋ ಆಟ ಆಡುತ್ತಿರುವ ಗುಂಪುಗಳು ಬಹಳ. ಅದು ಆಟಗಾರರ ತಪ್ಪಲ್ಲ. ನಿಯಮಪುಸ್ತಕ ರಾತ್ರಿಯ ಹೊಡೆದಾಟಕ್ಕೆ ಹತ್ತಾರು ಪುಟ ಕೊಡುತ್ತದೆ, ಬೆಳಗಿನ ಮೇಲೆ ಒಂದೆರಡು ಪ್ಯಾರಾ. ಪುಟ ಎಲ್ಲಿ ಹೆಚ್ಚೋ ಆಟ ಅಲ್ಲಿಗೇ ಹರಿಯುತ್ತದೆ. ವೇರ್‌ವುಲ್ಫ್‌ನ ಭಯ ಇರುವುದು ತನ್ನ ಕೈಯಿಂದಲೇ ಏನಾಯಿತು ಎಂದು ಮರುದಿನ ತಿಳಿದುಕೊಳ್ಳುವುದರಲ್ಲಿ. ನಾಲ್ಕು ಗಂಟೆಯ ಸೆಷನ್‌ನಲ್ಲಿ ತೋಳದ ರಾತ್ರಿಗೆ ಇಪ್ಪತ್ತು ನಿಮಿಷ ಕೊಟ್ಟರೆ ಅದರ ಮುಂದಿನ ಬೆಳಗಿಗೆ ಕನಿಷ್ಠ ಒಂದು ಗಂಟೆ ಇಡಬೇಕು ಎಂದು ನಾನು ಹೇಳುವುದು ಅದಕ್ಕೇ. ಉಳಿದ ಸಿದ್ಧತೆಯೆಲ್ಲ ಆ ಒಂದು ಗಂಟೆಗಾಗಿ.

ಮೊದಲು ತೀರ್ಮಾನಿಸಬೇಕಾದದ್ದು, ಈ ಆಟದಲ್ಲಿ ತೋಳ ಅನ್ನುವುದು ಶಾಪವೋ ಹುಟ್ಟೋ ಎಂಬುದು. ಯೂರೋಪಿನ ಹಳೆಯ ವಿಚಾರಣೆಗಳಲ್ಲೂ ತೋಳವನ್ನು ನೋಡುವ ಎರಡು ದಾರಿ ಇವೆ. 1589ರಲ್ಲಿ ಜರ್ಮನಿಯ ಕಲೋನ್ ಹತ್ತಿರದ ಬೆಡ್‌ಬರ್ಗ್‌ನಲ್ಲಿ ಪೀಟರ್ ಸ್ಟುಂಪ್ ಎಂಬ ರೈತನನ್ನು ಹಿಂಸಿಸಿ ಹೇಳಿಕೆ ಪಡೆದರು. ಸೈತಾನ ಕೊಟ್ಟ ಸೊಂಟಪಟ್ಟಿ ಕಟ್ಟಿಕೊಂಡರೆ ತಾನು ತೋಳವಾಗುತ್ತಿದ್ದೆ ಎಂದು ಆತ ಒಪ್ಪಿಕೊಂಡ, ಭೀಕರವಾಗಿ ಕೊಂದರು. ಸುಮಾರು ನೂರು ವರ್ಷದ ನಂತರ, 1692ರಲ್ಲಿ, ಲಿವೋನಿಯಾದ (ಇಂದಿನ ಲಾಟ್ವಿಯಾ, ಎಸ್ಟೋನಿಯಾ ಭಾಗ) ನ್ಯಾಯಾಲಯದ ಮುಂದೆ ಥೀಸ್ ಎಂಬ ಎಂಬತ್ತು ದಾಟಿದ ಮುದುಕ ತಾನು ವೇರ್‌ವುಲ್ಫ್ ಎಂದು ಯಾರ ಒತ್ತಾಯವೂ ಇಲ್ಲದೆ ಹೇಳಿದ. ಹೇಳಿ ಸುಮ್ಮನಾಗಲಿಲ್ಲ. ತಾವು ದೇವರ ಬೇಟೆನಾಯಿಗಳು, ನರಕಕ್ಕೆ ಇಳಿದು ಮಾಟಗಾರರು ಕದ್ದ ಬೆಳೆಯನ್ನು ಕಾದಾಡಿ ವಾಪಸು ತರುತ್ತೇವೆ ಎಂದು ವಾದಿಸಿದ. ಅವನಿಗೆ ಛಡಿಯೇಟು, ಗಡೀಪಾರು. ಸ್ಟುಂಪ್‌ನ ದಾರಿಯಲ್ಲಿ ತೋಳ ಅಂದರೆ ಹೊರಗಿನಿಂದ ಬಂದು ಅಂಟಿದ ಪಾಪ. ಥೀಸ್‌ನ ದಾರಿಯಲ್ಲಿ ಅದೊಂದು ಕೆಲಸ, ಊರವರು ನಂಬದ, ಹೆದರುವ, ಆದರೂ ಊರಿಗಾಗಿಯೇ ಮಾಡುವ ಕೆಲಸ.

ಆಟಗಳೂ ಹೀಗೇ ಒಡೆದಿವೆ. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' (ಡಿ ಅಂಡ್ ಡಿ) ಆಟದ ರೇವನ್‌ಲಾಫ್ಟ್ ಎಂಬ ಭಯದ ಸಾಹಸ ಮೊದಲ ಬಾರಿಗೆ 1983ರಲ್ಲಿ ಬಂತು. ಅಲ್ಲಿನ ತೋಳ ಶಾಪದ ತೋಳ, ಕಚ್ಚಿದರೆ ಅಂಟುತ್ತದೆ. 'ಅಪೊಕ್ಯಾಲಿಪ್ಸ್', 2005ರಲ್ಲಿ ಬಂದ 'ವೇರ್‌ವುಲ್ಫ್: ದಿ ಫರ್ಸೇಕನ್' ಎರಡರಲ್ಲೂ ಅದು ರಕ್ತದಲ್ಲಿ ಬಂದದ್ದು, ಹೊತ್ತು ತಿರುಗಬೇಕಾದ ಕರ್ತವ್ಯದ ಜೊತೆಗೆ. ಶಾಪದ ಆಟದಲ್ಲಿ 'ಇದರಿಂದ ಬಿಡುಗಡೆ ಹೇಗೆ' ಎಂಬ ಪ್ರಶ್ನೆ ಕಥೆಯನ್ನು ಎಳೆಯುತ್ತದೆ. ಹುಟ್ಟಿನ ಆಟದಲ್ಲಿ ಎಳೆಯುವುದು 'ಇದನ್ನು ಇಟ್ಟುಕೊಂಡು ಯಾರ ಜೊತೆ ಬದುಕಲಿ' ಎಂಬ ಪ್ರಶ್ನೆ. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟರೆ ಒಬ್ಬ ಆಟಗಾರ ಮದ್ದು ಹುಡುಕುತ್ತಾ ಹೋಗುತ್ತಾನೆ, ಇನ್ನೊಬ್ಬ ಬೇಟೆ ಹುಡುಕುತ್ತಾ ಹೋಗುತ್ತಾನೆ. ಪಾತ್ರ ಮಾಡುವ ಮೊದಲೇ ಯಾವುದಾದರೂ ಒಂದನ್ನು ಆರಿಸಿ.

ಎರಡೂ ದಾರಿಗೆ ಬೇಕಾದದ್ದು ಒಂದು ಪಟ್ಟಿ. ಪ್ರತಿಯೊಬ್ಬ ಆಟಗಾರನೂ ತನ್ನ ಪಾತ್ರಕ್ಕೆ ಹತ್ತಿರದ ಮೂವರು ಮನುಷ್ಯರ ಹೆಸರು ಬರೆಯಬೇಕು. ಮೂರಕ್ಕಿಂತ ಹೆಚ್ಚಾದರೆ ಆಟ ನಡೆಸುವವರಿಗೆ ಎಲ್ಲರನ್ನೂ ಜೀವಂತವಾಗಿ ತೋರಿಸಲು ಆಗುವುದಿಲ್ಲ, ಒಬ್ಬರೇ ಆದರೆ ಆ ವ್ಯಕ್ತಿ ಸಾಯುವುದು ಮೊದಲ ದಿನವೇ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಪ್ರತಿ ಹೆಸರಿನ ಮುಂದೆ ಮೂರು ವಿವರ ಇರಲಿ: ಆ ವ್ಯಕ್ತಿ ರಾತ್ರಿ ಎಲ್ಲಿ ಮಲಗುತ್ತಾರೆ, ಅವರ ಮೈಯ ವಾಸನೆ ಏನು, ಅವರಿಗೆ ಪಾತ್ರದ ಬಗ್ಗೆ ಎಷ್ಟು ಗೊತ್ತು. ವಾಸನೆಯ ವಿವರ ಹುಚ್ಚಾಟ ಅನ್ನಿಸಬಹುದು, ಆದರೆ ಮುಂದೆ ಅದೇ ಅತಿ ಹೆಚ್ಚು ಕೆಲಸಕ್ಕೆ ಬರುತ್ತದೆ. 'ಫರ್ಸೇಕನ್'ನ ಎರಡನೇ ಆವೃತ್ತಿಯಲ್ಲಿ ಇಂಥ ಸಂಬಂಧಗಳಿಗೆ ಟಚ್‌ಸ್ಟೋನ್ ಎಂಬ ನಿಯಮವೇ ಇದೆ. ಪಾತ್ರವನ್ನು ಮನುಷ್ಯರ ಕಡೆಗೆ ಹಿಡಿದಿಡುವ ಒಬ್ಬರು, ಆತ್ಮಗಳ ಲೋಕದ ಕಡೆಗೆ ಹಿಡಿದಿಡುವ ಒಂದು. ಬೇರೆ ಆಟ ಆಡುವವರು ಈ ಯೋಚನೆಯನ್ನು ಧಾರಾಳವಾಗಿ ಎರವಲು ಪಡೆಯಬಹುದು.

ಪಟ್ಟಿ ಕೆಡುವುದು ಒಂದೇ ಕಾರಣಕ್ಕೆ. ಆಟ ನಡೆಸುವವರು ಅದನ್ನು ಬಲಿಯ ಪಟ್ಟಿಯಂತೆ ಓದುತ್ತಾರೆ. ಮೊದಲ ಹುಣ್ಣಿಮೆಗೇ ತಂಗಿ ಸತ್ತಳು, ಎರಡನೆಯದಕ್ಕೆ ಗುರು ಸತ್ತ. ಆಮೇಲೆ ಆಟಗಾರ ಬುದ್ಧಿವಂತನಾಗುತ್ತಾನೆ, ಮುಂದಿನ ಪಾತ್ರಕ್ಕೆ ತಂದೆ ತಾಯಿ ಬಂಧು ಬಳಗ ಏನೂ ಇರುವುದಿಲ್ಲ. ಗೋಥಿಕ್ ಆಟ ಅಲ್ಲಿಗೆ ಮುಗಿಯಿತು. ನಾನು ಒಂದು ಮಿತಿ ಹಾಕಿಕೊಳ್ಳಲು ಹೇಳುತ್ತೇನೆ: ಪಟ್ಟಿಯಲ್ಲಿರುವ ಯಾರನ್ನೂ ಆಟ ನಡೆಸುವವರು ಪರದೆಯ ಹಿಂದೆ ಕೊಲ್ಲಬಾರದು. ಅವರಿಗೆ ಗಾಯವಾಗಬಹುದು, ಅವರು ಓಡಿಹೋಗಬಹುದು, ಮಾತು ಬಿಡಬಹುದು, ಸುಳ್ಳು ಸಾಕ್ಷಿ ಹೇಳಬಹುದು. ಸಾವು ಮಾತ್ರ ಆಟಗಾರ ದಾಳ ಉರುಳಿಸಿದ, ಅವನ ಕಣ್ಣೆದುರಿನ ದೃಶ್ಯದಲ್ಲೇ ಆಗಬೇಕು. ಬದುಕುಳಿದು ಎದುರಿಗೆ ಬಂದು ಕೂರುವ ಮನುಷ್ಯ ಕಥೆಗೆ ಹೆಣಕ್ಕಿಂತ ಹೆಚ್ಚು ಭಾರ.

ಇನ್ನು ಚಂದ್ರನ ವಿಷಯ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 29.5 ದಿನ. ಒಂದು ಹಾಳೆಯಲ್ಲಿ ಮೂವತ್ತು ಚೌಕ ಬರೆದು, ಅಮಾವಾಸ್ಯೆ ಹುಣ್ಣಿಮೆ ಗುರುತು ಮಾಡಿ, ಎಲ್ಲರಿಗೂ ಕಾಣುವಂತೆ ಮೇಜಿನ ಮಧ್ಯೆ ಇಡಿ. ಹುಣ್ಣಿಮೆಯ ಪ್ರಭಾವ ಒಂದೇ ರಾತ್ರಿಯೋ ಅಥವಾ ಹಿಂದೆ ಮುಂದೆ ಸೇರಿ ಮೂರು ರಾತ್ರಿಯೋ ಎಂಬುದನ್ನು ಮೊದಲೇ ಹೇಳಿಬಿಡಿ. ಶಾಪದ ಕಥೆಗೆ ಮೂರು ರಾತ್ರಿಯೇ ಒಳ್ಳೆಯದು. ಮೊದಲ ರಾತ್ರಿ ಬೀಗ ಗಟ್ಟಿ ಇರುತ್ತದೆ, ಎರಡನೆಯದಕ್ಕೆ ನಿದ್ದೆಗೆಟ್ಟ ಕಾವಲುಗಾರ, ಮೂರನೆಯದಕ್ಕೆ ಯಾರಿಗೂ ತಾಳ್ಮೆ ಇಲ್ಲ. ಕೆಲವರು ಹುಣ್ಣಿಮೆಯನ್ನು ಗುಟ್ಟಾಗಿಟ್ಟು ಇದ್ದಕ್ಕಿದ್ದಂತೆ 'ಇವತ್ತು ಹುಣ್ಣಿಮೆ' ಎಂದು ಘೋಷಿಸುತ್ತಾರೆ. ಆಟಗಾರರಿಗೆ ಅದು ಮೋಸ ಅನ್ನಿಸುತ್ತದೆ, ಅನ್ನಿಸುವುದೂ ಸರಿಯೇ. ಮೂವತ್ತು ಚೌಕದಲ್ಲಿ ಇಪ್ಪತ್ತೇಳಕ್ಕೆ ಅಡ್ಡಗೀಟು ಬಿದ್ದಿರುವಾಗ ಆ ಗುಂಪು ಇನ್ನೊಂದು ಊರಿಗೆ ಹೋಗುವ ಬಂಡಿ ಹತ್ತಲೋ ಬೇಡವೋ ಎಂದು ಪಿಸುಗುಟ್ಟುತ್ತದಲ್ಲ, ಅಲ್ಲಿದೆ ಭಯ. ಪ್ರಯಾಣ, ಗಾಯ ಮಾಯುವುದು, ಪುಸ್ತಕ ಓದಿ ಸಂಶೋಧನೆ ಮಾಡುವುದು, ಎಲ್ಲಕ್ಕೂ ದಿನ ಖರ್ಚಾಗಲಿ. ದಿನಗಳಿಗೆ ಬೆಲೆ ಇಲ್ಲದ ಆಟದಲ್ಲಿ ಚಂದ್ರನಿಗೂ ಬೆಲೆ ಇರುವುದಿಲ್ಲ.

ಆಗ ಆಟಗಾರರು ಮಾಡುವ ಮೊದಲ ಕೆಲಸ ಸರಪಳಿ ಕೊಳ್ಳುವುದು. ಒಳ್ಳೆಯದೇ. ಈ ಲೆಕ್ಕವನ್ನು ಅವರ ಮುಂದೆಯೇ ಮಾಡಿ. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಐದನೇ ಆವೃತ್ತಿಯ 2014ರ ಪುಸ್ತಕದಲ್ಲಿ ಕೈಕೋಳ ಮುರಿಯಲು ಶಕ್ತಿಯ ಪರೀಕ್ಷೆಯಲ್ಲಿ 20 ಬರಬೇಕು. ಶಾಪ ತಗುಲಿದ ಪಾತ್ರದ ಶಕ್ತಿ 15ಕ್ಕಿಂತ ಕಡಿಮೆ ಇದ್ದರೆ 15ಕ್ಕೆ ಏರುತ್ತದೆ, ಅಂದರೆ ದಾಳಕ್ಕೆ 2 ಸೇರುತ್ತದೆ. ಇಪ್ಪತ್ತು ಮುಖದ ದಾಳದಲ್ಲಿ 18, 19, 20 ಬಿದ್ದರೆ ಕೋಳ ಹೋಯಿತು. ಒಂದು ಎಳೆತಕ್ಕೆ 15% ಸಾಧ್ಯತೆ ಅಷ್ಟೇ, ಸಣ್ಣದು ಅನ್ನಿಸುತ್ತದೆ. ಹತ್ತು ಸಲ ಎಳೆದರೆ ಒಮ್ಮೆಯಾದರೂ ಮುರಿಯುವ ಸಾಧ್ಯತೆ ಸುಮಾರು 80%. ರಾತ್ರಿಯೋ ದೊಡ್ಡದು. ಹಾಗಾಗಿ ಇಡೀ ರಾತ್ರಿಗೆ ಎಷ್ಟು ಎಳೆತ ಎಂಬುದನ್ನು ಮೊದಲೇ ಗೊತ್ತು ಮಾಡಿ. ಗಂಟೆಗೆ ಒಂದು ಅನ್ನುವುದು ನನಗೆ ಸರಿ ಕಾಣುತ್ತದೆ, ಎಂಟು ಗಂಟೆಯ ರಾತ್ರಿಗೆ ಎಂಟು ದಾಳ. ಅದಕ್ಕೂ ಮುಖ್ಯ ವಿಷಯ ಬೀಗದ ಕೀಲಿ. ಅದು ಇನ್ನೊಬ್ಬ ಆಟಗಾರನ ಪಾತ್ರದ ಜೇಬಿನಲ್ಲಿರಲಿ. ನೆಲಮಾಳಿಗೆಯಿಂದ ಗೆಳೆಯನ ದನಿಯಲ್ಲೇ 'ನಾನೀಗ ಸರಿಯಾಗಿದ್ದೇನೆ, ಬಾಗಿಲು ತೆಗಿ' ಎಂಬ ಮಾತು ಕೇಳಿದಾಗ, ತೆಗೆಯಬೇಕೋ ಬೇಡವೋ ಎಂದು ಒದ್ದಾಡುವುದು ಕೀಲಿ ಹಿಡಿದವನು. ಇದರಿಂದ ತೋಳವಾಗದ ಆಟಗಾರರಿಗೂ ಆ ರಾತ್ರಿ ಕೈತುಂಬ ಕೆಲಸ ಸಿಗುತ್ತದೆ.

ಹುಟ್ಟಿನ ಆಟದಲ್ಲಿ ಕೋಳದ ಬದಲು ಕೋಪದ ಲೆಕ್ಕ. 'ಅಪೊಕ್ಯಾಲಿಪ್ಸ್'ನ ಹಳೆಯ ನಿಯಮದಲ್ಲಿ ರೇಜ್ ಎಷ್ಟಿದೆಯೋ ಅಷ್ಟು ಹತ್ತು ಮುಖದ ದಾಳ ಎಸೆಯಬೇಕು. ದಾಳದಲ್ಲಿ ಡಿಫಿಕಲ್ಟಿ ಎಂಬ ಅಂಕಿಯೋ ಅದಕ್ಕಿಂತ ಹೆಚ್ಚೋ ಬಿದ್ದರೆ ಅದೊಂದು ಸಕ್ಸೆಸ್. ನಾಲ್ಕು ಅಥವಾ ಹೆಚ್ಚು ಸಕ್ಸೆಸ್ ಬಂದರೆ ಫ್ರೆಂಜಿ, ಅಂದರೆ ಪಾತ್ರ ಕೈಮೀರಿತು. ಡಿಫಿಕಲ್ಟಿ ಚಂದ್ರನ ಮೇಲೆ ನಿಂತಿದೆ: ಅಮಾವಾಸ್ಯೆಗೆ 8, ಬಿದಿಗೆ ಚಂದ್ರನಿಗೆ 7, ಅರ್ಧಚಂದ್ರನಿಗೆ 6, ಮುಕ್ಕಾಲು ಚಂದ್ರನಿಗೆ 5, ಹುಣ್ಣಿಮೆಗೆ 4. ಉಳಿದ ಹೊಂದಾಣಿಕೆ ಬದಿಗಿಟ್ಟು ಬರೀ ಈ ಅಂಕಿ ಹಿಡಿದರೆ, ರೇಜ್ 5 ಇರುವ ಪಾತ್ರ ಅಮಾವಾಸ್ಯೆಯಂದು ಫ್ರೆಂಜಿಗೆ ಬೀಳುವ ಸಾಧ್ಯತೆ 3%ಕ್ಕಿಂತ ಕಡಿಮೆ. ಅದೇ ಪಾತ್ರ ಹುಣ್ಣಿಮೆಯಂದು ಸುಮಾರು 41%. 1 ಬಿದ್ದ ಪ್ರತಿ ದಾಳ ಒಂದು ಸಕ್ಸೆಸ್ ಕಳೆಯುತ್ತದೆ ಎಂದು ಹಿಡಿದ ಲೆಕ್ಕ ಇದು. ಇನ್ನೊಂದು ವಿಷಯ ಎಷ್ಟೋ ಜನರ ಕಣ್ಣಿಗೆ ಬೀಳುವುದೇ ಇಲ್ಲ. ರೇಜ್ 3 ಇರುವವರು ಮೂರೇ ದಾಳ ಎಸೆಯುವುದರಿಂದ ನಾಲ್ಕು ಸಕ್ಸೆಸ್ ಬರಲು ದಾರಿಯೇ ಇಲ್ಲ. ಹುಟ್ಟಿದ ದಿನದ ಚಂದ್ರನಿಗೆ ತಕ್ಕಂತೆ ಪಾತ್ರಗಳಲ್ಲಿ ಐದು ಬಗೆ. ಅಮಾವಾಸ್ಯೆಗೆ ಹುಟ್ಟಿದ ರಾಗಬಾಷ್ ರೇಜ್ 1ರಿಂದ, ಥೀಯರ್ಜ್ 2ರಿಂದ, ಫಿಲೋಡಾಕ್ಸ್ 3ರಿಂದ ಶುರುವಾಗುತ್ತಾರೆ. ಇವರ ತೋಳ ತಾನಾಗಿ ಹೊರಗೆ ಹಾರುವುದಿಲ್ಲ. ಗ್ಯಾಲಿಯಾರ್ಡ್ 4, ಆಹ್ರೂನ್ 5. ಭಯ ಬೇಕು ಎಂದು ಬಂದ ಆಟಗಾರನಿಗೆ ಈ ಕೊನೆಯ ಎರಡರಲ್ಲಿ ಒಂದನ್ನು ಕೊಡಿ, ಅಥವಾ ರೇಜ್ ಏರಿಸಿಕೊಳ್ಳಲು ಆರಂಭದ ಪಾಯಿಂಟ್ ಖರ್ಚು ಮಾಡಲು ಹೇಳಿ. ಇಲ್ಲದಿದ್ದರೆ ಹತ್ತು ಸೆಷನ್ ಕಳೆದರೂ ಫ್ರೆಂಜಿ ಬರದೆ, ಆಟವೇ ಸಪ್ಪೆ ಎಂದು ಅವನು ಎದ್ದು ಹೋಗುತ್ತಾನೆ.

ಫ್ರೆಂಜಿ ಬಂತು. ಈಗ ಪಾತ್ರವನ್ನು ಯಾರು ಆಡಬೇಕು? ಹೆಚ್ಚಿನ ಜಗಳ ಹುಟ್ಟುವುದು ಈ ಜಾಗದಲ್ಲೇ. ಡಿ ಅಂಡ್ ಡಿಯ 2014ರ ನಿಯಮ, ಶಾಪವನ್ನು ಒಪ್ಪಿಕೊಂಡ ಪಾತ್ರವನ್ನು ಡಂಜನ್ ಮಾಸ್ಟರ್ (ಆ ಆಟ ನಡೆಸುವವರು) ತನ್ನ ಕೈಗೆ ತೆಗೆದುಕೊಳ್ಳಬಹುದು ಎಂದು ಅವಕಾಶ ಕೊಡುತ್ತದೆ. ಕೊಟ್ಟರೂ ತೆಗೆದುಕೊಳ್ಳಬೇಡಿ. ಶೀಟ್ ಕಿತ್ತುಕೊಂಡ ಕ್ಷಣದಿಂದ ನಡೆದದ್ದೆಲ್ಲ ಜಿಎಂ (ಗೇಮ್ ಮಾಸ್ಟರ್, ಆಟ ನಡೆಸುವವರು) ಮಾಡಿದ್ದು ಎಂದು ಆಟಗಾರನ ಮನಸ್ಸಿಗೆ ಬಂದುಬಿಡುತ್ತದೆ. ಮರುದಿನದ ಅಪರಾಧಿ ಭಾವ ಬೇರೂರಲು ಜಾಗವೇ ಇರುವುದಿಲ್ಲ. ಪೂರ್ತಿ ಬಿಟ್ಟುಕೊಟ್ಟರೂ ಕಷ್ಟ. ಆಟಗಾರ ತೋಳವನ್ನು ಜಾಣತನದಿಂದ ಕಾಡಿನ ಕಡೆಗೆ ಓಡಿಸಿಬಿಡುತ್ತಾನೆ, ಯಾರಿಗೂ ಏನೂ ಆಗುವುದಿಲ್ಲ. ಇವೆರಡರ ನಡುವೆ ಒಂದು ದಾರಿ ಇದೆ. ಆಟಗಾರನೇ ಆಡಲಿ, ಆದರೆ ಅವನಿಗೆ ತಿಳಿಯುವುದೆಲ್ಲ ತೋಳದ ಇಂದ್ರಿಯಗಳ ಮೂಲಕವೇ ತಿಳಿಯಲಿ. ಜಿಎಂ ಬಾಯಿಂದ ಹೆಸರು ಬರಬಾರದು, ವಸ್ತುವಿನ ಉಪಯೋಗ ಬರಬಾರದು, ಬಣ್ಣವೂ ಆದಷ್ಟು ಬೇಡ. ವಾಸನೆ, ಸದ್ದು, ಚಲನೆ, ದೂರ. ಇಷ್ಟೇ.

ಉದಾಹರಣೆಗೆ, ಗಡಿಯಾರ ರಿಪೇರಿ ಮಾಡುವವನೊಬ್ಬನ ಪಾತ್ರ ಇದೆ ಎಂದುಕೊಳ್ಳಿ. ಪಟ್ಟಿಯಲ್ಲಿ ಅವನ ಅಂಗಡಿಯ ಹುಡುಗ ಇದ್ದಾನೆ, ಅವನ ಮುಂದೆ 'ಯಂತ್ರದ ಎಣ್ಣೆ, ಅಂಟು' ಎಂದು ಬರೆದಿದೆ. ಫ್ರೆಂಜಿ ಶುರುವಾದಾಗ ಜಿಎಂ ಹೇಳುವುದು ಇಷ್ಟು: 'ನಿನ್ನ ಎಡಕ್ಕೆ ಗಟ್ಟಿಯಾದ, ಉಸಿರಾಡದ ಗೋಡೆ. ಬಲಕ್ಕೆ ಗಾಳಿ. ಗಾಳಿಯಲ್ಲಿ ಎರಡು ಬಿಸಿ ಜೀವ. ಒಂದು ದೊಡ್ಡದು, ಅದರ ಕೈಯಲ್ಲಿ ಬೆಂಕಿ ಇದೆ, ಅದು ಕಿರುಚುತ್ತಿದೆ. ಇನ್ನೊಂದು ಸಣ್ಣದು, ನೆಲಕ್ಕೆ ಅಂಟಿಕೊಂಡಿದೆ, ಎಣ್ಣೆ ವಾಸನೆ. ಅದು ಮಾಡುತ್ತಿರುವ ಸದ್ದು ನಿನಗೆ ಗೊತ್ತಿರುವ ಸದ್ದು.' ಆಟಗಾರ ಆರಿಸಬೇಕು. ಬೆಂಕಿ ಹಿಡಿದವನ ಮೇಲೆ ಬೀಳಬಹುದು, ಗಾಳಿಯ ಕಡೆ ಓಡಬಹುದು, ಆ ಸದ್ದಿನ ಹತ್ತಿರ ಹೋಗಬಹುದು. ಮೂರರಲ್ಲಿ ಯಾವುದೂ ಕ್ಷೇಮವಲ್ಲದಂತೆ ದೃಶ್ಯ ಕಟ್ಟುವುದು ಜಿಎಂ ಕೆಲಸ. ಓಡಿದರೆ ದಾರಿಯಲ್ಲೇ ಆ ಸಣ್ಣ ಜೀವ ಇದೆ. ಎಣ್ಣೆ ವಾಸನೆ ಅಂದಾಗ ಆಟಗಾರನಿಗೆ ಗೊತ್ತಾಗುತ್ತದೆ, ಪಾತ್ರಕ್ಕೆ ಗೊತ್ತಾಗುವುದಿಲ್ಲ. ತಾನೇ ಬರೆದ ಎರಡು ಪದ ಹೀಗೆ ವಾಪಸು ಬಂದಾಗ ಮೇಜಿನ ಸುತ್ತ ಯಾರೂ ಮಾತಾಡುವುದಿಲ್ಲ. ಇಂಥ ಮೂರು, ಹೆಚ್ಚೆಂದರೆ ನಾಲ್ಕು ಆಯ್ಕೆ ಸಾಕು. ಕೊನೆಯ ಆಯ್ಕೆಯ ಫಲ ಹೇಳುವ ಮೊದಲೇ ದೃಶ್ಯ ಕತ್ತರಿಸಿ. 'ಬೆಳಗಾಗಿದೆ' ಅನ್ನಿ.

ಬೆಳಗಿನ ಮೊದಲ ಹತ್ತು ನಿಮಿಷದಲ್ಲಿ ಏನಾಯಿತು ಎಂದು ಯಾರೂ ವಿವರಿಸಬಾರದು. ಬದಲಿಗೆ ಜಿಎಂ ಮೈಯಿಂದ ಶುರು ಮಾಡಲಿ. ಎಲ್ಲಿ ಎಚ್ಚರವಾಯಿತು, ಮೈಮೇಲೆ ಏನಿದೆ, ಬಾಯಲ್ಲಿ ಏನು ರುಚಿ, ಉಗುರಿನ ಸಂದಿಯಲ್ಲಿ ಏನಿದೆ, ನಿನ್ನೆ ಇದ್ದದ್ದು ಇವತ್ತು ಏನಿಲ್ಲ. ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಹರಿತ. ಉಂಗುರ ಇಲ್ಲ, ಒಂದು ಹಲ್ಲು ಇಲ್ಲ, ಬಾಗಿಲ ಬಳಿ ದಿನಾ ಮಲಗುವ ನಾಯಿ ಇಲ್ಲ. ಬಟ್ಟೆಯನ್ನೂ ಮರೆಯಬೇಡಿ. 'ಅಪೊಕ್ಯಾಲಿಪ್ಸ್'ನಲ್ಲಿ ಟ್ಯಾಲಿಸ್ಮನ್ ಡೆಡಿಕೇಶನ್ ಎಂಬ ವಿಧಿ ಮಾಡಿಸಿಕೊಂಡ ವಸ್ತುಗಳು ಮಾತ್ರ ರೂಪದ ಜೊತೆ ಬದಲಾಗುತ್ತವೆ, ಉಳಿದ ಬಟ್ಟೆ ಹರಿದುಹೋಗುತ್ತದೆ. ಅನುಭವಿ ಆಟಗಾರರು ಆ ವಿಧಿಯನ್ನು ಮೊದಲೇ ಮಾಡಿಸಿಟ್ಟುಕೊಂಡು ತಲೆನೋವು ತಪ್ಪಿಸಿಕೊಳ್ಳುತ್ತಾರೆ. ಗೋಥಿಕ್ ಆಟಕ್ಕೆ ಆ ತಲೆನೋವು ಬೇಕು. ಒಂದೇ ಒಂದು ವಸ್ತುವಿಗೆ ಮಾತ್ರ ವಿಧಿ ಮಾಡಿಸಬಹುದು ಎಂದು ನಿಮ್ಮ ಗುಂಪಿನದೇ ಒಂದು ನಿಯಮ ಮಾಡಿ. ಅಂಗಿಯನ್ನು ಆರಿಸುತ್ತಾರೋ ತಾಯಿಯ ಪದಕವನ್ನೋ, ಅದರಲ್ಲೇ ಪಾತ್ರದ ಅರ್ಧ ಪರಿಚಯ ಸಿಗುತ್ತದೆ.

ನಂತರದ ಐವತ್ತು ನಿಮಿಷ ಪಾತ್ರ ತನ್ನ ರಾತ್ರಿಯನ್ನು ತಾನೇ ತನಿಖೆ ಮಾಡಬೇಕು. ಸಾಕ್ಷಿಗಳು ಒಪ್ಪದಿದ್ದರೆ ಇದಕ್ಕೆ ಜೀವ ಬರುತ್ತದೆ. ಇದಕ್ಕೆ ಬೇಕಾದ ಬಲು ಚಂದದ ಉಪಕರಣ 'ಅಪೊಕ್ಯಾಲಿಪ್ಸ್'ನಲ್ಲೇ ಇದೆ, ಡಿಲೀರಿಯಂ. ಕ್ರೈನೋಸ್ ರೂಪ ಕಂಡ ಮನುಷ್ಯನ ಬುದ್ಧಿ ಅದನ್ನು ಒಪ್ಪುವುದಿಲ್ಲ. ಹೇಗೆ ಒಪ್ಪುವುದಿಲ್ಲ ಎಂಬುದು ಅವನ ವಿಲ್‌ಪವರ್, ಅಂದರೆ ಮನೋಬಲದ ಅಂಕಿಯ ಮೇಲೆ: 1 ಇರುವವನು ಕಲ್ಲಾಗಿ ಬೀಳುತ್ತಾನೆ, 2 ಇರುವವನು ದಿಕ್ಕೆಟ್ಟು ಓಡುತ್ತಾನೆ, 3 ಇರುವವನು ಕಂಡದ್ದನ್ನೇ ನಂಬುವುದಿಲ್ಲ. ಮೇಲಕ್ಕೆ ಹೋದಂತೆ ಕುತೂಹಲ ಬರುತ್ತದೆ, ಬೇಟೆಯಾಡುವ ಸಿಟ್ಟು ಬರುತ್ತದೆ, 10 ಇರುವವನಿಗೆ ಏನೂ ಆಗುವುದಿಲ್ಲ. ಈ ಕೋಷ್ಟಕವನ್ನು ಹೆಚ್ಚಿನವರು ರಾತ್ರಿ ಜನರನ್ನು ಚದುರಿಸಲು ಬಳಸಿ ಮುಚ್ಚಿಡುತ್ತಾರೆ. ಬೆಳಿಗ್ಗೆ ತೆರೆಯಿರಿ. ಒಂದೇ ಬೀದಿಯ ಮೂವರಿಗೆ 2, 3, 8 ಎಂದು ಅಂಕಿ ಕೊಡಿ. ಮೊದಲನೆಯವಳು ಹುಚ್ಚುನಾಯಿ ಅನ್ನುತ್ತಾಳೆ. ಎರಡನೆಯವನು ಕುಡುಕರ ಗಲಾಟೆ ಎಂದು ಆಣೆ ಮಾಡುತ್ತಾನೆ, ಅವನು ಸುಳ್ಳುಗಾರನಲ್ಲ, ಅವನಿಗೆ ನೆನಪಿರುವುದೇ ಹಾಗೆ. ಮೂರನೆಯವಳು ಏನೂ ಹೇಳುವುದಿಲ್ಲ, ಪಾತ್ರದ ಕೈಯನ್ನೇ ನೋಡುತ್ತಾಳೆ. ಮುಂದಿನ ಐದಾರು ಸೆಷನ್‌ನ ಎದುರಾಳಿ ಅವಳೇ ಆಗಬಹುದು, ಅಥವಾ ಏಕೈಕ ಆಸರೆ.

ಅದೇ ಆಟದ ಇನ್ನೊಂದು ನಿಯಮವನ್ನೂ ಬೆಳಗಿಗೆ ತನ್ನಿ. ರೇಜ್ ವಿಲ್‌ಪವರ್‌ಗಿಂತ ಎಷ್ಟು ಹೆಚ್ಚಿದೆಯೋ ಅಷ್ಟು ದಾಳ ಜನರೊಡನೆ ವ್ಯವಹರಿಸುವಾಗ ಕಡಿಮೆಯಾಗುತ್ತದೆ. ರೇಜ್ 5, ವಿಲ್‌ಪವರ್ 3 ಇದ್ದರೆ ಕ್ಷಮೆ ಕೇಳುವಾಗ, ಸಮಾಧಾನ ಹೇಳುವಾಗ ಎರಡು ದಾಳ ಕಮ್ಮಿ. ರಾತ್ರಿ ಗೆಲ್ಲಿಸಿದ ಅಂಕಿಯೇ ಬೆಳಿಗ್ಗೆ ಸೋಲಿಸುತ್ತದೆ. ಆಟ ಮಾಡಿದವರು ಇದನ್ನು ಎಷ್ಟು ಯೋಚಿಸಿ ಇಟ್ಟಿದ್ದಾರೆ ಎಂದು ಪ್ರತಿ ಸಲವೂ ಮೆಚ್ಚಿಗೆಯಾಗುತ್ತದೆ.

ರೂಪಗಳ ಬಗ್ಗೆ ಒಂದು ಮಾತು. ಐದು ರೂಪ ಇದ್ದರೂ ಆಟಗಾರರು ಮನುಷ್ಯ ರೂಪದಿಂದ ನೇರ ಕ್ರೈನೋಸ್‌ಗೆ ಹಾರುತ್ತಾರೆ, ಏಕೆಂದರೆ ರೇಜ್ ಪಾಯಿಂಟ್ ಒಂದು ಕೊಟ್ಟರೆ ದಾಳವಿಲ್ಲದೆ ತಕ್ಷಣ ಬದಲಾಗಬಹುದು. ಗೋಥಿಕ್ ಕಥೆಗೆ ಅತಿ ಬೆಲೆಬಾಳುವ ರೂಪ ಗ್ಲಾಬ್ರೋ. ಶಕ್ತಿ ಮತ್ತು ತಾಳಿಕೆಗೆ 2 ಸೇರುತ್ತದೆ, ರೂಪ ಮತ್ತು ಮಾತಿನ ಜಾಣತನದಿಂದ 1 ಕಳೆಯುತ್ತದೆ. ಮಬ್ಬು ಬೆಳಕಿನಲ್ಲಿ ಇನ್ನೂ ಮನುಷ್ಯನೇ. ಹುಬ್ಬು ದಪ್ಪ, ಹೆಗಲು ಅಗಲ, ದನಿಯಲ್ಲಿ ಗೊರಗೊರ. ಇದನ್ನು ಕಂಡವರಿಗೆ ಡಿಲೀರಿಯಂ ಬಡಿಯುವುದಿಲ್ಲ, ಆದ್ದರಿಂದ ಕಂಡದ್ದು ನೆನಪಿರುತ್ತದೆ. ಊಟದ ಮೇಜಿನಲ್ಲಿ, ಪಾತ್ರ ಸಿಟ್ಟು ನುಂಗುತ್ತಿರುವಾಗ, 'ನಿನ್ನ ಕೈಯೊಳಗಿನ ಚಮಚ ಬಾಗಿದೆ, ಎದುರಿಗಿದ್ದವಳು ನಿನ್ನ ಹಲ್ಲು ನೋಡುತ್ತಿದ್ದಾಳೆ' ಎಂದರೆ ಸಾಕು. ಪೂರ್ತಿ ತೋಳವನ್ನು ಐದು ಸೆಷನ್‌ಗೆ ಒಮ್ಮೆ ತೋರಿಸಿ. ಗ್ಲಾಬ್ರೋವನ್ನು ಪ್ರತಿ ಸೆಷನ್‌ಗೂ ಒಮ್ಮೆ ಇಣುಕಿಸಿ.

ಬೆಳ್ಳಿಯನ್ನು ಜನ ಬರೀ ಆಯುಧವಾಗಿ ನೋಡುತ್ತಾರೆ. 2014ರ ಡಿ ಅಂಡ್ ಡಿಯಲ್ಲಿ ಒಂದು ಆಯುಧಕ್ಕೋ ಹತ್ತು ಬಾಣಕ್ಕೋ ಬೆಳ್ಳಿ ಹಾಕಿಸಲು 100 ಚಿನ್ನದ ನಾಣ್ಯ ಬೇಕು. ಅಲ್ಲಿನ ವೇರ್‌ವುಲ್ಫ್‌ಗೆ ಸರಾಸರಿ 58 ಹಿಟ್ ಪಾಯಿಂಟ್ (ಜೀವದ ಅಂಕಿ), ಮಂತ್ರವೂ ಬೆಳ್ಳಿಯೂ ಇಲ್ಲದ ಆಯುಧ ಅದಕ್ಕೆ ತಾಗುವುದೇ ಇಲ್ಲ. ಮೊದಲ ಹಂತದ ಗುಂಪಿನೆದುರು ಅದನ್ನು ಬಿಟ್ಟರೆ ಅದು ಭಯವಲ್ಲ, ಬರೀ ಸಾವು. ಬೆಳ್ಳಿ ಎಲ್ಲಿಂದ ಬರುತ್ತದೆ ಎಂಬುದನ್ನು ಕಥೆ ಮಾಡಿ. ಬಡ ಊರು, ಇರುವ ಬೆಳ್ಳಿ ಚರ್ಚಿನ ಬಟ್ಟಲು, ಮದುವೆಯ ಕನ್ನಡಿಯ ಚೌಕಟ್ಟು, ಸತ್ತ ಮಗುವಿನ ಗಿಲಕಿ. ಯಾವುದನ್ನು ಕರಗಿಸೋಣ ಎಂದು ಊರವರು ಕೂತು ಮಾತಾಡುವಾಗ ತೋಳವಾಗುವ ಪಾತ್ರವೂ ಆ ಸಭೆಯಲ್ಲೇ ಕೂತಿರಲಿ. 'ಅಪೊಕ್ಯಾಲಿಪ್ಸ್'ನಲ್ಲಿ ಬೆಳ್ಳಿಯ ಗಾಯ ಬೇಗ ಮಾಯುವುದಿಲ್ಲ, ಬೆಳ್ಳಿ ಜೊತೆಗಿಟ್ಟುಕೊಂಡರೆ ನೋಸಿಸ್, ಅಂದರೆ ಆತ್ಮಶಕ್ತಿಯ ಅಂಕಿ, ಕುಗ್ಗುತ್ತದೆ. ಮಾಯದ ಗಾಯ ಅಂದರೆ ಬೆಳಿಗ್ಗೆ ಮುಚ್ಚಿಡಲಾಗದ ಗುರುತು, ಅದನ್ನು ಹಾಗೇ ಬಳಸಿ.

ಎಲ್ಲರೂ ವೇರ್‌ವುಲ್ಫ್ ಆಗಿರುವ ಗುಂಪಿನಲ್ಲಿ ಭಯ ಬೇಗ ಆರುತ್ತದೆ, ಒಬ್ಬನ ತಪ್ಪನ್ನು ಉಳಿದವರು ಮುಚ್ಚಿಹಾಕುತ್ತಾರೆ. ನಾಲ್ವರ ಗುಂಪಿನಲ್ಲಿ ಒಬ್ಬರು ಅಥವಾ ಇಬ್ಬರು ತೋಳ ಆಗಿದ್ದರೆ ಒಳ್ಳೆಯದು. ಎಲ್ಲರೂ ಆಗಲೇಬೇಕು ಎಂದರೆ ಅವರ ಪಟ್ಟಿಗಳಲ್ಲಿ ಒಂದಾದರೂ ಹೆಸರು ಸಮಾನವಾಗಿರಲಿ.

ಸುರಕ್ಷತೆಯ ಮಾತು ಕೊನೆಗೆ ಬಂದರೂ ಮಾಡಬೇಕಾದದ್ದು ಮೊದಲು. ತೋಳದ ಕಥೆಯಲ್ಲಿ ಮೈ ಒಡೆಯುವುದು, ಮಕ್ಕಳಿಗೆ ಅಪಾಯ, ಮನೆಯೊಳಗಿನ ಹಿಂಸೆ ತಾವಾಗಿ ನುಸುಳುತ್ತವೆ. ಕುಡಿದು ಬಂದು ಹೊಡೆದು ಬೆಳಿಗ್ಗೆ ಅಳುವ ಮನುಷ್ಯನ ನೆರಳು ಈ ಪಾತ್ರದ ಮೇಲೆ ಬಿದ್ದೇ ಬೀಳುತ್ತದೆ. ಮೇಜಿನ ಸುತ್ತ ಕೂತವರಲ್ಲಿ ಅಂಥ ಮನೆಯಿಂದ ಬಂದವರಿರಬಹುದು. ಆಟಕ್ಕೆ ಮುಂಚೆ ಹದಿನೈದು ನಿಮಿಷ ಕೂತು, ಬರಲೇಬಾರದ ವಿಷಯ ಯಾವುದು, ಬಂದರೂ ತೆರೆ ಎಳೆದು ದಾಟಿಸಬೇಕಾದ್ದು ಯಾವುದು ಎಂದು ಬರೆದುಕೊಳ್ಳಿ. ಎಕ್ಸ್-ಕಾರ್ಡ್ (ಯಾರಾದರೂ ಮುಟ್ಟಿದರೆ ಆ ವಿಷಯವನ್ನು ಅಲ್ಲಿಗೇ ಬಿಡುವ ಚೀಟಿ) ಮೇಜಿನ ಮೇಲಿರಲಿ, ಮುಟ್ಟಿದವರಿಗೆ ಕಾರಣ ಕೇಳಬೇಡಿ. ಫ್ರೆಂಜಿ ದೃಶ್ಯಕ್ಕೆ ಮೊದಲು 'ತಯಾರಿದ್ದೀರಾ' ಎಂದು ಒಂದು ಸಲ ಕೇಳಿ. ಕೇಳಿದರೆ ಭಯ ಕಡಿಮೆಯಾಗುತ್ತದೆ ಎಂದು ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ನಂಬಿಕೆ ಇದ್ದಲ್ಲಿ ಮಾತ್ರ ಜನ ತಮ್ಮ ಪಾತ್ರವನ್ನು ನಿಜವಾದ ಕತ್ತಲೆಗೆ ಕಳಿಸುತ್ತಾರೆ.

ಮದ್ದಿನ ಸಮಸ್ಯೆ 2014ರ ಡಿ ಅಂಡ್ ಡಿಗೇ ಸೇರಿದ್ದು. ಕಚ್ಚಿಸಿಕೊಂಡು ಬಂದ ಶಾಪಕ್ಕೆ ರಿಮೂವ್ ಕರ್ಸ್ ಎಂಬ ಮೂರನೇ ಹಂತದ ಮಂತ್ರ ಸಾಕು, ಕ್ಲೆರಿಕ್ (ದೇವರ ಶಕ್ತಿಯಿಂದ ಮಂತ್ರ ಹೇಳುವ ಪಾತ್ರ) ಐದನೇ ಲೆವೆಲ್‌ಗೆ ಬಂದರೆ ಅದು ಕೈಗೆ ಸಿಗುತ್ತದೆ. ಆ ದಿನ ಕಥೆ ಠುಸ್ ಎನ್ನುತ್ತದೆ. ಮಂತ್ರವನ್ನು ನಿಷೇಧಿಸಿದರೆ ಕ್ಲೆರಿಕ್ ಆಡುವವರಿಗೆ ಅನ್ಯಾಯ. ಮಂತ್ರ ಕೆಲಸ ಮಾಡಲಿ, ಆದರೆ ಷರತ್ತಿನ ಮೇಲೆ: ಹುಣ್ಣಿಮೆಯ ರಾತ್ರಿಯೇ, ತೋಳದ ರೂಪದಲ್ಲಿರುವಾಗಲೇ, ಕೈ ತಾಗಿಸಿಯೇ ಹೇಳಬೇಕು. ಅಥವಾ ಪಾತ್ರ ತಾನು ಗಾಯಗೊಳಿಸಿದ ಒಬ್ಬರ ಮುಂದೆ ನಡೆದದ್ದನ್ನು ಪೂರ್ತಿ ಹೇಳಿದ ಮೇಲೆಯೇ ಅದು ಫಲಿಸಬೇಕು. ಈ ಷರತ್ತು ಆಟದ ಆರಂಭದಲ್ಲೇ ಗೊತ್ತಿರಲಿ, ಐದನೇ ಲೆವೆಲ್‌ಗೆ ಬಂದಾಗ ಹೊಸದಾಗಿ ಹುಟ್ಟಿಸಬೇಡಿ. ಹುಟ್ಟಿನಿಂದ ವೇರ್‌ವುಲ್ಫ್ ಆದವರಿಗೆ ವಿಶ್ ಮಂತ್ರವೊಂದೇ ದಾರಿ, ಆ ನಿಯಮ ಇದ್ದಂತೆಯೇ ಚೆನ್ನಾಗಿದೆ.

ಪಾತ್ರ ಗುಣವಾಗಲಿ ಸಾಯಲಿ, ಅದರ ಪಟ್ಟಿಯನ್ನು ಎಸೆಯಬೇಡಿ. ಹಳೆಯ ತೋಳದ ದಾರಿಗೆ ಸಿಕ್ಕಿ ಬದುಕುಳಿದವರ ಹೆಸರುಗಳನ್ನು ಒಂದು ಕಡೆ ಬರೆದು ಆಟಗಾರನ ಮುಂದಿಡಿ. ಅವರಲ್ಲಿ ಒಬ್ಬರನ್ನು ಅವನು ತನ್ನ ಮುಂದಿನ ಪಾತ್ರವಾಗಿ ಆರಿಸಿಕೊಳ್ಳಲಿ. ಅಂಗಡಿಯ ಹುಡುಗ, ಬೆಂಕಿ ಹಿಡಿದಿದ್ದವನು, ಕೈಯನ್ನೇ ನೋಡಿದವಳು, ಯಾರಾದರೂ ಆಗಬಹುದು. ಡಿ ಅಂಡ್ ಡಿಯಲ್ಲಾದರೆ ಗುಂಪಿನ ಉಳಿದವರಿಗಿಂತ ಒಂದು ಲೆವೆಲ್ ಕಡಿಮೆ ಇಟ್ಟು ಶುರು ಮಾಡಿದರೂ ನಡೆಯುತ್ತದೆ. ಹೊಸ ಪಾತ್ರಕ್ಕೂ ಮೂರು ಹೆಸರು, ಮೂರು ವಾಸನೆ ಬರೆಸಿ. ಈ ಸಲದ ತೋಳವನ್ನು ಇನ್ನೊಬ್ಬ ಆಟಗಾರ ತೆಗೆದುಕೊಳ್ಳಲಿ.